ಮನೆಯಲ್ಲಿ ಉಸಿರಾಟದ ಯಂತ್ರ: ಶ್ವಾಸಕೋಶ ತಜ್ಞರಿಗೆ ಸದಸ್ಯರ ಪ್ರಶ್ನೆಗಳು

ಡೊಂಬಿವಲಿಯ ಸದಸ್ಯೆ: ನಮಸ್ಕಾರ ಡಾಕ್ಟರೇ. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ನಮ್ಮ ಮಾವನವರಿಗೆ ರಾತ್ರಿ, ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರವನ್ನೂ ಅದರೊಂದಿಗೆ ನಿಮಿಷಕ್ಕೆ 1 ಲೀಟರ್ ಆಮ್ಲಜನಕವನ್ನೂ ಬರೆದುಕೊಟ್ಟಿದ್ದಾರೆ. ಆಕ್ಸಿಮೀಟರ್ 89 ತೋರಿಸಿತೆಂದು ಗಾಬರಿಯಾಗಿ ನಾವು 4 ಲೀಟರಿಗೆ ಏರಿಸಿದೆವು, ಈಗ 97 ಇದೆ. ಆದರೂ ಬೆಳಗ್ಗೆ ತಲೆನೋವು ಎನ್ನುತ್ತಾರೆ, ಹಗಲಿಡೀ ತೂಕಡಿಸುತ್ತಾರೆ, ಲೋಟ ಹಿಡಿದರೆ ಕೈ ಅದುರಿ ಕಾಫಿ ಚೆಲ್ಲುತ್ತದೆ. ಟಾನಿಕ್ ಕೊಡಬಹುದೇ?

ವೈದ್ಯರು: ಟಾನಿಕ್ ಬೇಡ, ಅವರನ್ನು ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನೀವು ಹೇಳಿದ ಮೂರೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದರ ಲಕ್ಷಣಗಳಿರಬಹುದು. ಆಕ್ಸಿಮೀಟರ್ ಆಮ್ಲಜನಕವನ್ನಷ್ಟೇ ಅಳೆಯುತ್ತದೆ, ಡೈಆಕ್ಸೈಡ್ ಎಷ್ಟಿದೆಯೆಂದು ತಿಳಿಯಲು ಅಪಧಮನಿಯ ರಕ್ತ ತೆಗೆದು ಎಬಿಜಿ ಪರೀಕ್ಷೆ ಮಾಡಬೇಕು. ಇಂಥ ರೋಗಿಗಳಿಗೆ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಡೈಆಕ್ಸೈಡ್ ದೇಹದಲ್ಲೇ ಉಳಿಯುತ್ತದೆ. ಆಮ್ಲಜನಕವನ್ನು ಪೂರ್ತಿ ನಿಲ್ಲಿಸದೆ, ಬರೆದುಕೊಟ್ಟ ಪ್ರಮಾಣಕ್ಕೆ ಇಳಿಸಿ. ಡೈಆಕ್ಸೈಡನ್ನು ಹೊರಹಾಕಲು ನೆರವಾಗುವುದು ಬೈಪ್ಯಾಪ್. ಅದನ್ನು ಅವರು ರಾತ್ರಿಯಿಡೀ ಹಾಕಿಕೊಳ್ಳುತ್ತಾರೆಯೇ? ಮಾಸ್ಕಿನ ಫೋಟೊ ಹಾಕಿ.

ಮುಲುಂಡಿನ ಸದಸ್ಯರು: ಗಾಳಿಗೆ ತೇವ ಕೊಡುವ ಯಂತ್ರದ ಹ್ಯೂಮಿಡಿಫೈಯರಿಗೆ ನಲ್ಲಿ ನೀರು ಹಾಕಬಹುದೇ?

ವೈದ್ಯರು: ಬೇಡ. ಡಿಸ್ಟಿಲ್ಡ್ ವಾಟರ್ ಹಾಕಿ, ದಿನವೂ ಬದಲಿಸಿ.

ಡೊಂಬಿವಲಿಯ ಸದಸ್ಯೆ: ಫೋಟೊ ಹಾಕಿದ್ದೇನೆ. ಮಾಸ್ಕಿನ ಮುಂದಿನ ಸಣ್ಣ ತೂತುಗಳಿಂದ ಗಾಳಿ ಸುಯ್ಯೆಂದು ಸೋರಿ ಮಾವನವರಿಗೆ ನಿದ್ದೆ ಬರುತ್ತಿರಲಿಲ್ಲವಾದ್ದರಿಂದ ಮೈದುನ ಅವುಗಳಿಗೆ ಟೇಪ್ ಅಂಟಿಸಿದ್ದಾನೆ.

ವೈದ್ಯರು: ಆ ಟೇಪನ್ನು ಈಗಲೇ ಕಿತ್ತುಹಾಕಿ. ಅದು ಸೋರಿಕೆಯಲ್ಲ. ಒಂದೇ ಕೊಳವೆಯಿರುವ ಈ ಯಂತ್ರದಲ್ಲಿ ಬಿಟ್ಟ ಉಸಿರು ಹೊರಹೋಗುವುದಕ್ಕೆಂದೇ ಆ ತೂತುಗಳನ್ನು ಇಟ್ಟಿರುತ್ತಾರೆ; ಅವನ್ನು ಮುಚ್ಚಿದರೆ ರೋಗಿ ತಾನು ಬಿಟ್ಟ ಡೈಆಕ್ಸೈಡನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ನಿಜವಾದ ಸೋರಿಕೆ ಇರುವುದು ಕೆನ್ನೆಯ ಬಳಿ. ಫೋಟೊದಲ್ಲಿ ಅವರ ಕೆನ್ನೆ ಒಳಗೆ ಇಳಿದಿದೆ. ರಾತ್ರಿ ಹಲ್ಲಿನ ಸೆಟ್ ತೆಗೆದಿಡುತ್ತಾರೆಂದು ಕಾಣುತ್ತದೆ. ಅದಕ್ಕೆ ಪಟ್ಟಿಯನ್ನು ಬಿಗಿದುಬಿಗಿದು ಮೂಗಿನ ಮೇಲೆ ಹುಣ್ಣು ಮಾಡಿದ್ದೀರಿ. ಬೇರೆ ಅಳತೆಯ ಮಾಸ್ಕ್ ಬೇಕು. ಯಂತ್ರವನ್ನೂ ಮಾಸ್ಕನ್ನೂ ಆಸ್ಪತ್ರೆಗೆ ಒಯ್ಯಿರಿ, ಟೇಪಿನ ವಿಷಯವನ್ನು ಅಲ್ಲಿಯ ವೈದ್ಯರಿಗೆ ತಪ್ಪದೆ ತಿಳಿಸಿ.

ಮಡಗಾಂವದ ಸದಸ್ಯರು: ತಂದೆಯವರನ್ನು ಬೈಪ್ಯಾಪ್ ಸಹಿತ ರೈಲಿನಲ್ಲಿ ಮಂಗಳೂರಿಗೆ ಕರೆದೊಯ್ಯಬಹುದೇ?

ಠಾಣೆಯ ಸದಸ್ಯರು: ಕರ್ಪೂರ, ಓಮ, ಲವಂಗಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಿದರೆ ಆಮ್ಲಜನಕ ತಾನಾಗಿ ಏರುತ್ತದೆಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಹಾಕಿದ್ದೇನೆ.

ವೈದ್ಯರು: ಇದು 2021ರ ಕೋವಿಡ್ ಕಾಲದಲ್ಲಿಯೂ ಮನೆಮನೆ ಸುತ್ತಿದ ಸಂದೇಶ. ಆ ಗಂಟಿನಿಂದ ಆಗಲೂ ಆಮ್ಲಜನಕ ಏರಲಿಲ್ಲ, ಈಗಲೂ ಏರುವುದಿಲ್ಲ. ಕರ್ಪೂರ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು, ಹೊಟ್ಟೆಗೆ ಹೋದರೆ ವಿಷ. ಆಮ್ಲಜನಕ ಹರಿಯುವ ಕೋಣೆಯಲ್ಲಿ ಕರ್ಪೂರದಾರತಿ, ಊದುಬತ್ತಿ, ಬೀಡಿ ಯಾವುದೂ ಇರಕೂಡದು. ದಯವಿಟ್ಟು ಇದನ್ನು ಅಳಿಸಿ.

ಠಾಣೆಯ ಸದಸ್ಯರು: ಹಾಗಾದರೆ ನಮ್ಮ ಹಿರಿಯರೆಲ್ಲ ಮೂರ್ಖರೇ?

ಚೆಂಬೂರಿನ ಸದಸ್ಯೆ: ನಿಮ್ಮ ಹಿರಿಯರು ಬೈಪ್ಯಾಪ್ ಹಾಕಿಕೊಂಡು ಕರ್ಪೂರ ಮೂಸುತ್ತಿದ್ದರೇ? ಒಬ್ಬರ ಜೀವದ ಪ್ರಶ್ನೆ ನಡೆಯುತ್ತಿರುವಾಗ ಸ್ವಲ್ಪ ಸುಮ್ಮನಿರಬಾರದೇ?

ಠಾಣೆಯ ಸದಸ್ಯರು: ನೀವು ಯಾವ ಆಸ್ಪತ್ರೆಯ ವೈದ್ಯರೆಂದು ತಿಳಿಸಿದರೆ ಸುಮ್ಮನಾಗುತ್ತೇನೆ.

ಕೋಥ್ರೂಡಿನ ಸದಸ್ಯರು: ಜಗಳ ಸಾಕು. ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುತ್ತಾರೆ, ಆಗ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರಿಗೆ ಇನ್ವರ್ಟರ್ ಸಾಕೇ?

ಠಾಣೆಯ ಸದಸ್ಯರು: ನಮ್ಮಲ್ಲಿ ಇನ್ವರ್ಟರಿನಲ್ಲೇ ಎಲ್ಲವೂ ನಡೆಯುತ್ತದೆ.

ವೈದ್ಯರು: ಎಲ್ಲವೂ ನಡೆಯುವುದಿಲ್ಲ. 5 ಲೀಟರಿನ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ, ಸಣ್ಣ ಇನ್ವರ್ಟರಿನ ಬ್ಯಾಟರಿ ಬಹಳ ಹೊತ್ತು ಬರುವುದಿಲ್ಲ. ರೆಗ್ಯುಲೇಟರ್ ಸಹಿತ ತುಂಬಿದ ಸಿಲಿಂಡರ್ ಒಂದು ಮನೆಯಲ್ಲಿರಲಿ. ಕುತ್ತಿಗೆಯ ಕೊಳವೆಯ ಮೂಲಕ ವೆಂಟಿಲೇಟರಿನಲ್ಲಿರುವವರ ಮನೆಯವರು ಬ್ಯಾಟರಿಯೊಂದನ್ನೇ ನಂಬಿ ಕೂರಬಾರದು. ಹಾಸಿಗೆಯ ಪಕ್ಕದಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಇರಬೇಕು, ಅದನ್ನು ಒತ್ತುವ ಕ್ರಮ ಕನಿಷ್ಠ ಇಬ್ಬರಿಗೆ ಬರಬೇಕು.

ಮಡಗಾಂವದ ಸದಸ್ಯರು: ನನ್ನ ಪ್ರಶ್ನೆಯನ್ನು ಯಾರೂ ಗಮನಿಸಲಿಲ್ಲ.

ಡೊಂಬಿವಲಿಯ ಸದಸ್ಯೆ: ಆಸ್ಪತ್ರೆಗೆ ಬಂದಿದ್ದೇವೆ ಡಾಕ್ಟರೇ. ಎಬಿಜಿಯಲ್ಲಿ ಡೈಆಕ್ಸೈಡ್ ಬಹಳ ಹೆಚ್ಚಿದೆಯೆಂದು ದಾಖಲು ಮಾಡಿಕೊಂಡರು.

ವೈದ್ಯರು: ಸರಿಯಾದ ಸಮಯಕ್ಕೆ ಹೋಗಿದ್ದೀರಿ. ಮನೆಗೆ ಕಳುಹಿಸುವ ಮುನ್ನ ಅವರ ಮುಖದ ಅಳತೆಗೆ ಮಾಸ್ಕ್ ಹೊಂದಿಸಿ ತೋರಿಸಲು ಹೇಳಿ.

ವಾಶಿಯ ಸದಸ್ಯರು: ಡಾಕ್ಟರೇ, ನಲ್ಲಿ ನೀರನ್ನು ಕುದಿಸಿ ಆರಿಸಿ ಹಾಕಿದರೆ ನಡೆಯುತ್ತದೆಯೇ?

ವೈದ್ಯರು: ಮೇಲೆ ಓದಿ.