ಅಪ್‌ಡೇಟ್: ಸ್ಪೋರ್ಟ್ಸ್ ಕಾರಿನ ಎಕ್ಸಾಸ್ಟ್ ಆಯ್ಕೆ ಮುಗಿಯಿತು, ಗುಂಯ್ ಸದ್ದೂ ಅಡಗಿತು

ನನ್ನ 4 ಸಿಲಿಂಡರ್ ಟರ್ಬೊ ಕಾರಿಗೆ ಗಂಭೀರ ನಾದವಿದ್ದರೂ ದೂರದ ಪ್ರಯಾಣದಲ್ಲಿ ಕಿವಿಗೆ ಹಿಂಸೆಯಾಗದ ಎಕ್ಸಾಸ್ಟ್ (ಹೊಗೆ ಹೊರಹಾಕುವ ಕೊಳವೆ ವ್ಯವಸ್ಥೆ) ಯಾವುದೆಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟದೆ ಅದರ ಹಿಂದಿನ ಭಾಗವನ್ನಷ್ಟೇ ಬದಲಿಸುವ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಕ್ಯಾಟ್‌ಬ್ಯಾಕ್ ವ್ಯವಸ್ಥೆಯನ್ನು ಕೊನೆಗೆ ಹಾಕಿಸಿದ್ದೇನೆ.

ಸದ್ದು ತಗ್ಗಿಸುವ ಹಿಂಬದಿಯ ಡಬ್ಬಿಯನ್ನು, ಅಂದರೆ ಮಫ್ಲರನ್ನು ಮಾತ್ರ ಬದಲಿಸಿ ನೋಡಿ ಎಂಬ ಸಲಹೆ ಫಲಿಸಲಿಲ್ಲ. 2400 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಆಸುಪಾಸಿನಲ್ಲಿ ಕಾರಿನೊಳಗೆಲ್ಲ ಗುಂಯ್ ಎನ್ನುವ ಮೊರೆತ ತುಂಬಿಕೊಳ್ಳುತ್ತಿತ್ತು. ಕೊಳವೆಯ ತುದಿಗೆ ಸೈಲೆನ್ಸರ್ ತುಂಡು ಸೇರಿಸಿದಾಗ ಕರ್ಕಶತೆ ತಗ್ಗಿತೇ ಹೊರತು ಆ ಮೊರೆತ ಹಾಗೆಯೇ ಉಳಿಯಿತು.

ನಿಜವಾಗಿ ಕೆಲಸ ಮಾಡಿದ್ದು, ಮುಖ್ಯ ಕೊಳವೆಯ ಪಕ್ಕಕ್ಕೆ ತುದಿ ಮುಚ್ಚಿದ ಜೆ ಆಕಾರದ ಕವಲು ಬೆಸೆಯಿಸಿ ಎಂದವರ ಸಲಹೆ. ನಾಲ್ಕು ಸ್ಟ್ರೋಕಿನ 4 ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಉರಿಯುವುದರಿಂದ 2400 ಆರ್‌ಪಿಎಂನಲ್ಲಿ 80 ಹರ್ಟ್ಸ್ (ಸೆಕೆಂಡಿಗೆ 80 ಕಂಪನ) ಸದ್ದು ಹುಟ್ಟುತ್ತದೆ. ಆ ತರಂಗದ ಕಾಲುಭಾಗದಷ್ಟು ಉದ್ದದ ಕವಲಿನೊಳಗೆ ಹೋಗಿ ಮರಳುವ ಅಲೆ ವಿರುದ್ಧ ಹಂತದಲ್ಲಿ ಬಂದು ಮೂಲ ಸದ್ದನ್ನು ಅಳಿಸುತ್ತದೆ. ಬಿಸಿ ಅನಿಲದಲ್ಲಿ ಶಬ್ದ ಹೆಚ್ಚು ವೇಗವಾಗಿ ಚಲಿಸುವುದರಿಂದ, ತಣ್ಣನೆಯ ಗಾಳಿಯ ಲೆಕ್ಕಕ್ಕಿಂತ ಉದ್ದವಾದ ಕವಲೇ ಬೇಕಾಗುತ್ತದೆ ಎಂಬುದು ನನಗೆ ಅಚ್ಚರಿಯ ಸಂಗತಿಯಾಗಿತ್ತು.

ಶಕ್ತಿಯಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ತಣ್ಣಗಿರುವಾಗ ಶುರು ಮಾಡಿದರೆ ಸದ್ದು ಈಗಲೂ ಜೋರಾಗಿಯೇ ಇರುತ್ತದೆ. ಕನ್ವರ್ಟರ್ ಬೇಗ ಬಿಸಿಯಾಗಲೆಂದು ಎಂಜಿನ್ ಆಗ ಬೇಕೆಂದೇ ಹೆಚ್ಚಿನ ವೇಗದಲ್ಲಿ ತಿರುಗುತ್ತದೆ. ಕೆಲವು ಬಾರಿ ಕಾದು ಆರಿದ ಮೇಲೆ ಕ್ಲ್ಯಾಂಪುಗಳು ಸಡಿಲಗೊಂಡಿದ್ದವು, ಅವುಗಳನ್ನು ಮತ್ತೆ ಬಿಗಿಗೊಳಿಸಬೇಕಾಯಿತು.