ಯುದ್ಧಕಾಲದಲ್ಲಿ ಚದುರಿದ ಯೆಹೂದಿ ಕುಟುಂಬಗಳು ಮತ್ತೆ ಕೂಡಿದ್ದು ಹೇಗೆ?

ಪ್ರಶ್ನೆ (ಗಡಹಿಂಗ್ಲಜದ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ಗಡಹಿಂಗ್ಲಜ ತಾಲ್ಲೂಕಿನ ಕನ್ನಡ ಶಾಲೆಯೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ಕೊಲ್ಹಾಪುರಕ್ಕೆ ಕರೆದೊಯ್ದಾಗ ಮಹಾವೀರ ಉದ್ಯಾನದಲ್ಲಿರುವ ಪೋಲಿಷ್ ನಿರಾಶ್ರಿತರ ಸ್ಮಾರಕವನ್ನು ತೋರಿಸಿ, 1943ರಿಂದ 1948ರವರೆಗೆ ಹತ್ತಿರದ ವಳಿವಡೆಯ ಶಿಬಿರದಲ್ಲಿ ಆ ದೇಶದ ಸುಮಾರು 5,000 ಜನ, ಅವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು, ಬಾಳಿ ಹೋದರೆಂದು ವಿವರಿಸಿದೆ. ಆಗ ಒಬ್ಬ ಹುಡುಗಿ, "ಅಕ್ಕೋರೆ, ಇವರೆಲ್ಲ ಯೆಹೂದಿಗಳೇನ್ರೀ? ಅಪ್ಪ ಒಂದು ದೇಶ, ಮಗು ಒಂದು ದೇಶ ಆದಮ್ಯಾಲೆ ಒಬ್ಬರಿಗೊಬ್ಬರು ಹೆಂಗ ಸಿಕ್ಕರು?" ಎಂದು ಕೇಳಿದಳು. ಊಹಿಸಿ ಹೇಳಲು ಮನಸ್ಸು ಒಪ್ಪದೆ ಸುಮ್ಮನಾದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಸೊಲ್ಲಾಪುರ)

ಮೊದಲ ಪ್ರಶ್ನೆಗೆ ಉತ್ತರ: ಅಲ್ಲ. ವಳಿವಡೆಯಲ್ಲಿದ್ದವರಲ್ಲಿ ಬಹುತೇಕರು ಕ್ಯಾಥೊಲಿಕ್ ಕ್ರೈಸ್ತರು. ಆದರೆ ಅವರನ್ನು ಇಲ್ಲಿಯವರೆಗೆ ತಂದ ದಾರಿಯಲ್ಲೇ ಪೋಲೆಂಡಿನ ಅನೇಕ ಯೆಹೂದಿಗಳೂ ನಡೆದಿದ್ದರಿಂದ ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಸರಿಯಾಗಿಯೇ ಇದೆ. 1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಪಶ್ಚಿಮದಿಂದ, ಸೋವಿಯತ್ ಒಕ್ಕೂಟ ಪೂರ್ವದಿಂದ ಪೋಲೆಂಡನ್ನು ಆಕ್ರಮಿಸಿಕೊಂಡವು. ಸೋವಿಯತ್ ಭಾಗದಲ್ಲಿದ್ದ ಲಕ್ಷಾಂತರ ಜನರನ್ನು 1940–41ರಲ್ಲಿ ಸೈಬೀರಿಯಾ, ಕಝಾಕಸ್ತಾನಗಳ ಕಡೆಗೆ ಗಡಿಪಾರು ಮಾಡಲಾಯಿತು. 1941ರ ಜುಲೈಯಲ್ಲಿ ಸೋವಿಯತ್ ಸರ್ಕಾರ ಮತ್ತು ದೇಶದ ಹೊರಗಿದ್ದ ಪೋಲಿಷ್ ಸರ್ಕಾರದ ನಡುವೆ ಆದ ಒಪ್ಪಂದದಿಂದ ಬಿಡುಗಡೆಯಾದವರಲ್ಲಿ ಹಲವರು ಮರುವರ್ಷ ಪೋಲಿಷ್ ಸೇನೆಯ ಜೊತೆ ಇರಾನಿಗೆ ದಾಟಿದರು.

ಮಧ್ಯ ಏಷ್ಯಾದಲ್ಲಿ ಹಸಿವಿನಿಂದ ಕಂಗೆಟ್ಟ ಯೆಹೂದಿ ತಾಯಂದಿರು, ಮಗುವಿಗೆ ರೊಟ್ಟಿಯಾದರೂ ಸಿಗಲಿ, ಈ ನೆಲ ಬಿಟ್ಟು ಹೋಗಿ ಬದುಕಲಿ ಎಂದು, ತಾವು ಜೀವಂತ ಇರುವಾಗಲೇ ಮಕ್ಕಳನ್ನು ಪೋಲಿಷ್ ಅನಾಥಾಲಯಗಳಿಗೆ ಒಪ್ಪಿಸಿದರು. ಆ ಮಕ್ಕಳ ಒಂದು ದೊಡ್ಡ ಗುಂಪನ್ನು "ಟೆಹರಾನಿನ ಮಕ್ಕಳು" ಎನ್ನುತ್ತಾರೆ. ಅವರನ್ನು 1943ರ ಜನವರಿಯಲ್ಲಿ ಇರಾನಿನಿಂದ ಹಡಗಿನಲ್ಲಿ ಕರಾಚಿಗೆ, ಅಂದರೆ ಆಗಿನ ಹಿಂದೂಸ್ಥಾನಕ್ಕೆ ಕರೆತಂದು, ಅಲ್ಲಿಂದ ಸೂಯೆಜಿಗೂ, ರೈಲಿನಲ್ಲಿ ಪ್ಯಾಲೆಸ್ಟೈನಿನ ಅಟ್ಲಿಟ್‌ಗೂ ಸಾಗಿಸಿದರು. ತಲುಪಿದ್ದು ಫೆಬ್ರವರಿ 18ರಂದು. ಅನೇಕರು ನಿಜಕ್ಕೂ ಅನಾಥರೇ ಆಗಿದ್ದರು. ಉಳಿದವರ ತಾಯಿಯೋ ತಂದೆಯೋ ಬದುಕಿದ್ದರೆ, 1946ರ ಸುಮಾರಿಗೆ ಸೋವಿಯತ್ ನೆಲದಿಂದ ಪೋಲೆಂಡಿಗೆ ಮರಳಿ, ಅಲ್ಲಿ ತಮ್ಮವರು ಯಾರೂ ಉಳಿದಿಲ್ಲವೆಂದು ಕಂಡು, ಜರ್ಮನಿಯ ನಿರಾಶ್ರಿತರ ಶಿಬಿರಗಳನ್ನು ಹಾಯ್ದು ಬರುವಷ್ಟರಲ್ಲಿ ಮಗು ಎದೆಮಟ್ಟ ಬೆಳೆದಿರುತ್ತಿತ್ತು.

ಯುದ್ಧಕ್ಕೆ ಮೊದಲು ಪೋಲೆಂಡಿನಲ್ಲಿದ್ದ ಸುಮಾರು 33 ಲಕ್ಷ ಯೆಹೂದಿಗಳಲ್ಲಿ 30 ಲಕ್ಷದಷ್ಟು ಜನ ಕೊಲೆಯಾದರು. ಬದುಕಿ ಉಳಿದವರಲ್ಲಿ ಹೆಚ್ಚಿನವರು ಹೀಗೆ ಸೋವಿಯತ್ ನೆಲದ ದೂರದ ಮೂಲೆಗಳಲ್ಲಿದ್ದವರು. ಶಿಕ್ಷೆಯಾಗಿ ಬಂದ ಗಡಿಪಾರೇ ಅವರ ಜೀವ ಉಳಿಸಿತೆಂಬುದನ್ನು ಮಕ್ಕಳಿಗೆ ನಿಧಾನವಾಗಿ ಬಿಡಿಸಿ ಹೇಳಬೇಕಾಗುತ್ತದೆ.

ಉತ್ತರ 2 (ಅಕ್ಕಲಕೋಟ)

ಹುಡುಕಾಟದ ವಿಷಯದಲ್ಲಿ ಒಂದು ಮಾತು. ಜರ್ಮನಿಯ ಬಾಡ್ ಆರೋಲ್ಸನ್ ಎಂಬ ಸಣ್ಣ ಊರಿನಲ್ಲಿ ಕಾಣೆಯಾದವರನ್ನು ಪತ್ತೆಹಚ್ಚುವ ಒಂದು ಕೇಂದ್ರ ಬೆಳೆಯಿತು. ಸುಮಾರು 1.75 ಕೋಟಿ ಜನರ ಹೆಸರುಗಳು ಅದರ ಕಾಗದಪತ್ರಗಳಲ್ಲಿವೆ. ಒಬ್ಬನೇ ಮನುಷ್ಯನ ಹೆಸರನ್ನು ಪೋಲಿಷ್ ಗುಮಾಸ್ತ ಒಂದು ರೀತಿ, ಜರ್ಮನ್ ಗುಮಾಸ್ತ ಇನ್ನೊಂದು ರೀತಿ, ರಷ್ಯನ್ ಗುಮಾಸ್ತ ಬೇರೆ ಲಿಪಿಯಲ್ಲೇ ಬರೆದಿರುತ್ತಿದ್ದರಿಂದ ಅಲ್ಲಿಯ ಚೀಟಿಗಳನ್ನು ಅಕ್ಷರಕ್ಕಿಂತ ಉಚ್ಚಾರವನ್ನು ನೋಡಿ ಜೋಡಿಸಿದ್ದಾರೆ. ನಮ್ಮ ಬಾಳವ್ವ ಮರಾಠಿ ದಾಖಲೆಯಲ್ಲಿ ಬಾಳಾಬಾಯಿ ಆಗುವುದನ್ನು ಕಂಡ ನಮಗೆ ಇದರ ಅಗತ್ಯವನ್ನು ಬೇರೆ ಹೇಳಬೇಕಿಲ್ಲ. ಇನ್ನು ರೈತರ ಮನೆಯಲ್ಲೋ ಕಾನ್ವೆಂಟಿನಲ್ಲೋ ಬೇರೆ ಹೆಸರಿನಿಂದ ಬಚ್ಚಿಟ್ಟು ಬೆಳೆಸಿದ ಕೂಸುಗಳಿಗೆ ಹುಟ್ಟುಹೆಸರೇ ಗೊತ್ತಿರುತ್ತಿರಲಿಲ್ಲ. ಅಂಥವರನ್ನು ಹುಡುಕುವುದು ಎಲ್ಲಕ್ಕಿಂತ ಕಷ್ಟವಾಗಿತ್ತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹವಿದೆ. ಸಿಕ್ಕ ಮೇಲೆ ಏನಾಯಿತು? ಪಾಠಪುಸ್ತಕಗಳು ಅಪ್ಪುಗೆಯಲ್ಲಿಯೇ ಮುಗಿದುಬಿಡುತ್ತವೆ.

ಉತ್ತರ 3 (ಜತ್ತ)

ತಾಯಿ, ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಆದ್ದರಿಂದ ಕಾಗದಗಳ ಕಡೆಯಿಂದಲೇ ಹೇಳುತ್ತೇನೆ.

1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯೆಹೂದಿಗಳ ಮನೆ, ಅಂಗಡಿ, ಪ್ರಾರ್ಥನಾಮಂದಿರಗಳ ಮೇಲೆ ದಾಳಿ ನಡೆದ ಮೇಲೆ ಬ್ರಿಟನ್ ಮಕ್ಕಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲು ಒಪ್ಪಿತು. ಮೊದಲ ಗುಂಪು ಡಿಸೆಂಬರ್ 2ರಂದು ಹಾರಿಚ್ ಬಂದರಿನಲ್ಲಿ ಇಳಿಯಿತು. ಯುದ್ಧ ಆರಂಭವಾಗುವವರೆಗೆ ಬಂದ ಮಕ್ಕಳು ಸುಮಾರು 10,000. ಯುದ್ಧ ಶುರುವಾದೊಡನೆ ನೇರ ಟಪಾಲು ನಿಂತಿತು. ಹೆಚ್ಚಿನವರಿಗೆ ಉಳಿದದ್ದು ರೆಡ್‌ಕ್ರಾಸ್ ನಮೂನೆಯೊಂದೇ. ಅದರಲ್ಲಿ 25 ಪದ ಬರೆಯಬಹುದಿತ್ತು, ಅದೂ ಮನೆಯ ಸುದ್ದಿ ಮಾತ್ರ. ಅದೇ ಹಾಳೆಯ ಹಿಂಬದಿಗೆ ಉತ್ತರ ಬರೆಯಬೇಕು. ಜಿನೀವಾ ಸುತ್ತಿ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಅನೇಕ ಮಕ್ಕಳಿಗೆ 1942ರ ನಂತರ ಉತ್ತರ ಬರುವುದೇ ನಿಂತಿತು. ನಾನು ಎಷ್ಟೋ ಸಲ ವಿಳಾಸದಾರ ಇಲ್ಲವೆಂದು ಬರೆದು ಕಾಗದ ಹಿಂದಿರುಗಿಸಿದ್ದೇನೆ. ಈ ಮಕ್ಕಳ ಸಂಗತಿಯನ್ನು ಓದಿದಂದಿನಿಂದ ಆ ಶರಾ ನೆನಪಾದರೆ ಎದೆ ಭಾರವಾಗುತ್ತದೆ.

ಆ ಮಕ್ಕಳಲ್ಲಿ ಹೆಚ್ಚಿನವರು ತಂದೆತಾಯಿಯನ್ನು ಮತ್ತೆ ನೋಡಲಿಲ್ಲ. ನೋಡಿದ ಕೆಲವರಿಗೂ ಏಳೆಂಟು ವರ್ಷಗಳ ಅಂತರ ಬಿದ್ದಿತ್ತು. ಐದನೆಯ ವಯಸ್ಸಿನಲ್ಲಿ ಹೋದ ಮಗು ಹದಿಮೂರಕ್ಕೆ ಎದುರು ನಿಂತಾಗ ಜರ್ಮನ್ ಮರೆತಿತ್ತು, ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಾಕಿದ ಮನೆಯವರನ್ನೇ ಅಪ್ಪ ಅಮ್ಮ ಎಂದು ಕರೆಯುತ್ತಿದ್ದ ಮಗುವಿಗೆ ಹೆತ್ತವರು ಅಪರಿಚಿತರಾಗಿ ಕಂಡರೆ ಅದರ ತಪ್ಪೇನೂ ಇಲ್ಲ. ನಾಜಿಗಳ ಶಿಬಿರದಿಂದ ಉಳಿದು ಬಂದ ತಾಯಿಗೆ ತಾನು ಕಂಡದ್ದನ್ನು ಹೇಳಲು ಸಾಧ್ಯವಿರಲಿಲ್ಲ, ಹೇಳಿದರೂ ಮಗುವಿಗೆ ಅರ್ಥವಾಗುವ ಭಾಷೆ ಅವಳಲ್ಲಿರಲಿಲ್ಲ. ಮತ್ತೆ ಒಂದು ಕುಟುಂಬವಾಗಲು ಅವರಿಗೆ ವರ್ಷಗಳೇ ಬೇಕಾದವು. ಕೆಲವರಿಗೆ ಅದು ಕೊನೆಗೂ ಆಗಲಿಲ್ಲ.

ಪುಣೆಯಲ್ಲಿರುವ ನನ್ನ ಮೊಮ್ಮಗಳಿಗೆ ನನ್ನ ಅವ್ವ ಬರೆದ ಕನ್ನಡ ಕಾಗದಗಳನ್ನು ಓದಲು ಬರುವುದಿಲ್ಲ. ಆ ಜನರ ದುಃಖದ ಪಕ್ಕದಲ್ಲಿ ಇದನ್ನು ಇಡಬಾರದು, ಆದರೂ ನಿಮ್ಮ ಮಕ್ಕಳಿಗೆ ಒಳಗೆ ಹೋಗಲು ಇದೊಂದು ಬಾಗಿಲಾಗಬಹುದು. ತರಗತಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ದೂರ ಇರುವ ತಾಯಿಗೆ ಮನೆಯ ಸುದ್ದಿಯನ್ನಷ್ಟೇ ಬರೆಯಲು ಹೇಳಿ. ಇಪ್ಪತ್ತೈದನೆಯ ಪದಕ್ಕೆ ಪೆನ್ನು ಕೆಳಗಿಡಿಸಿ. ಹಿಂಬದಿಯನ್ನು ಖಾಲಿ ಬಿಡಲಿ.