ಪದಚರ್ಚೆ (ತುರ್ತು): ಲೂಸಿಯಸ್, ಲೂಷಿಯಸ್, ಲೂಕಿಯುಸ್ – ಯಾವುದು ಬರೆಯಲಿ?

ಗೆಳೆಯರೆ,

ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕವನ್ನು ನಮ್ಮ ತಂಡಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಬ್ರೂಟಸನ ಮನೆಯ ಆಳುಹುಡುಗನ ಹೆಸರೇ ತಲೆನೋವಾಗಿದೆ. ಎರಡನೇ ಅಂಕದ ಶುರುವಿನಲ್ಲಿ ಬ್ರೂಟಸ್ ಸರಿರಾತ್ರಿಯಲ್ಲಿ ಅವನನ್ನು ಕೂಗಿ ಕೂಗಿ ಎಬ್ಬಿಸುತ್ತಾನೆ. ರಿಹರ್ಸಲ್‌ನಲ್ಲಿ ‘ಲೂಸಿ...’ ಅನ್ನುವಷ್ಟರಲ್ಲೇ ಹಿಂದಿನಿಂದ ಯಾರೋ ‘ಲೂಸಾ?’ ಅಂದರು. ಎಲ್ಲರೂ ನಕ್ಕು ಗಂಭೀರ ದೃಶ್ಯ ಕೆಟ್ಟಿತು. ಹೆಸರಿನ ಅರ್ಥ ಏನು, ಕನ್ನಡದಲ್ಲಿ ಹೇಗೆ ಬರೆಯಬೇಕು? ಪಾತ್ರಗಳ ಪಟ್ಟಿ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು.

* * *

> ಹೆಸರಿನ ಅರ್ಥ ಏನು

ಲ್ಯಾಟಿನ್ನಿನ ಲೂಕ್ಸ್, ಅಂದರೆ ಬೆಳಕು. ಬೆಳಕು ಹರಿಯುವಾಗ ಹುಟ್ಟಿದವನು ಲೂಕಿಯುಸ್, ಮುಂಜಾನೆ ಹುಟ್ಟಿದವನು ಮಾನಿಯುಸ್, ಅಪ್ಪ ಸತ್ತ ಮೇಲೆ ಹುಟ್ಟಿದವನು ಪೋಸ್ಟುಮುಸ್ ಅಂತ ರೋಮಿನ ಪಂಡಿತ ವರ್ರೋ ಬರೆದಿದ್ದಾನೆ. ತುಳುನಾಡಿನಲ್ಲಿ ಹುಟ್ಟಿದ ವಾರ ನೋಡಿ ಐತ, ಅಂಗಾರ, ತನಿಯ ಅಂತ ಇಡುತ್ತಿದ್ದರಲ್ಲ, ಹಾಗೆ. ಆದರೆ ಸೀಸರನ ಕಾಲಕ್ಕೆ ಈ ಅರ್ಥ ಯಾರಿಗೂ ಬೇಕಿರಲಿಲ್ಲ. ಗಂಡುಮಕ್ಕಳಿಗೆ ಇಡುವ ಮೊದಲ ಹೆಸರುಗಳೇ ಬೆರಳೆಣಿಕೆಯಷ್ಟು. ಅದರಲ್ಲಿ ಮನೆತನದಲ್ಲಿ ನಡೆದು ಬಂದದ್ದನ್ನು ಇಡುತ್ತಿದ್ದರು. ಶಾಸನದಲ್ಲಿ ‘ಎಲ್’ ಅಂತ ಒಂದಕ್ಷರ ಕೆತ್ತಿದರೆ ಮುಗೀತು. ಕ್ರಿ.ಪೂ. 509ರಲ್ಲಿ ರಾಜನನ್ನು ಓಡಿಸಿದ ಅಂತ ಕಥೆಯಿರುವ ಹಳೆಯ ಬ್ರೂಟಸ್ ಒಬ್ಬ ಲೂಕಿಯುಸ್. ಓಡಿಹೋದ ರಾಜ ತಾರ್ಕ್ವಿನಿಯುಸ್ ಕೂಡ ಲೂಕಿಯುಸ್ಸೇ! ಕ್ಲೌಡಿಯಸ್ ಮನೆತನದವರು ಮಾತ್ರ ಈ ಹೆಸರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವರಲ್ಲಿ ಈ ಹೆಸರಿನ ಒಬ್ಬ ದರೋಡೆಗೆ, ಇನ್ನೊಬ್ಬ ಕೊಲೆಗೆ ಸಿಕ್ಕಿಬಿದ್ದಿದ್ದರಂತೆ. ರೋಮಿನ ಚರಿತ್ರೆಕಾರ ಸ್ವೆಟೋನಿಯಸ್ ಹೇಳುವ ಮಾತು.

‘ಸಿ’ ಅಕ್ಷರ ಆಗ ಕಕಾರವೇ. ಸ, ಷ ಎಲ್ಲ ಆಮೇಲಿನ ಕಥೆ.

* * *

ಅರ್ಥ ಬೆಳಕು ಅಂತ ಗೊತ್ತಾದ ಮೇಲೆ ಇನ್ನೇನು ಚರ್ಚೆ? ಬೆಳಕು, ಬೆಳಗು, ಬಿಳಿ, ಬೆಳ್ಳಿ, ಎಲ್ಲ ನಮ್ಮದೇ ಬೇರು. ಬೆಳ್ಳಿಯಪ್ಪ ಅನ್ನಿ. ಕೊಡಗಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಷಕಾರದ ಸಹವಾಸವೇ ಬೇಡ.

* * *

ರೋಮಿನಲ್ಲಿ ಬೆಳ್ಳಿಯಪ್ಪ! ಬ್ರೂಟಸ್ ಅಂದರೆ ದಡ್ಡ. ಅವನನ್ನೂ ಪೆದ್ದಪ್ಪ ಮಾಡುತ್ತೀರಾ?

ಸಂಸ್ಕೃತದ ರುಚ್ ಧಾತುವೂ ಲ್ಯಾಟಿನ್ನಿನ ಲೂಕ್ ಕೂಡ ಒಂದೇ ಮೂಲದವು. ರ-ಲ ವ್ಯತ್ಯಾಸ ಅಷ್ಟೆ. ರುಚಿ ಅಂದರೆ ಮೊದಲು ಹೊಳಪು, ನಾಲಗೆಗೆ ಬಂದದ್ದು ಆಮೇಲೆ. ಲೋಕ ಕೂಡ ಅದೇ ಬಳಗ. ‘ರೋಚನ’ ಅನ್ನಿ. ಧಾತುವೂ ಉಳಿಯುತ್ತದೆ, ಅರ್ಥವೂ ಉಳಿಯುತ್ತದೆ.

* * *

ಬಂತು ನೋಡಿ ಸಂಸ್ಕೃತ. ಎಲ್ಲಿಂದ ಹೊರಟರೂ ನಿಮ್ಮ ಬಸ್ಸು ನಿಲ್ಲುವುದು ಅಲ್ಲೇ. ಬೆಳ್ಳಿಯಪ್ಪ ಆಗುವುದಿಲ್ಲ, ರೋಚನ ಆಗುತ್ತದೆ, ಅಲ್ವಾ? ಒಂದು ಎರವಲು ತೀರಿಸಲು ಇನ್ನೊಂದು ಎರವಲು.

* * *

ಎರವಲು ಬೇಡ ಅನ್ನುವವರು ಬಸ್ಸು ಹತ್ತಬಾರದು.

* * *

ಇಬ್ಬರೂ ಸ್ವಲ್ಪ ಸುಮ್ನಿರಿ. ಕೇಳಿದವರಿಗೆ ಸಂಜೆಯೊಳಗೆ ಉತ್ತರ ಬೇಕು.

ಈ ಹೆಸರು ಕನ್ನಡಕ್ಕೆ ಬಂದು ಎಷ್ಟೋ ಕಾಲವಾಯಿತು. ಕನ್ನಡ ಬೈಬಲ್ಲಿನ ಅಪೊಸ್ತಲರ ಕೃತ್ಯಗಳು, 13ನೇ ಅಧ್ಯಾಯ, ಮೊದಲ ವಚನ ತೆಗೆಯಿರಿ. ಅಂತಿಯೋಕ್ಯದ ಸಭೆಯಲ್ಲಿದ್ದವರ ಪಟ್ಟಿಯಲ್ಲಿ ಲೂಕ್ಯ ಇದ್ದಾನೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲೂ ಒಬ್ಬ ಲೂಕ್ಯ. ಗ್ರೀಕಿನಲ್ಲಿ ಅದು ಲೂಕಿಯೋಸ್. ಅನುವಾದಕರು ಕಕಾರ ಉಳಿಸಿಕೊಂಡು, ಬಾಲ ಕತ್ತರಿಸಿ, ಅಕಾರಾಂತ ಮಾಡಿಬಿಟ್ಟರು. ಲೂಕ್ಯನಿಗೆ, ಲೂಕ್ಯನಿಂದ, ಎಲ್ಲ ಚಾಣಕ್ಯನಷ್ಟೇ ಸಲೀಸು.

ಇನ್ನು ಕೂಗುವ ವಿಷಯ. ಲ್ಯಾಟಿನ್ನಿನಲ್ಲಿ ಕರೆಯುವಾಗ ‘ಉಸ್’ ಇರುವುದಿಲ್ಲ. ಬ್ರೂಟಸ್ ಸಂಬೋಧನೆಯಲ್ಲಿ ‘ಬ್ರೂಟೆ’ ಆಗುವುದು ಈ ನಾಟಕ ಓದದವರಿಗೂ ಬಾಯಿಪಾಠ. ಹಾಗೆಯೇ ಈ ಹುಡುಗ ‘ಲೂಕೀ’. ಕನ್ನಡದಲ್ಲಿ ‘ಲೂಕ್ಯಾ’ ಅಂತ ಎಳೆದು ಕೂಗಿಸಿ. ಹಿಂದಿನ ಸಾಲಿಗೂ ಕೇಳುತ್ತದೆ, ನಗುವೂ ಬರುವುದಿಲ್ಲ.

ಅರ್ಥ ದಾಟಿಸಲೇಬೇಕು ಅಂತ ಹಠ ಹಿಡಿದವರಿಗೆ ಒಂದು ಮಾತು. ಬ್ರೂಟಸ್ ಅವನನ್ನು ಎಬ್ಬಿಸಿ ಮೊದಲು ಕೇಳುವುದೇ ದೀಪ. ಓದುವ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿಟ್ಟು ಬಂದು ಕರೆ ಅನ್ನುತ್ತಾನೆ. ಶೇಕ್ಸ್‌ಪಿಯರ್ ಬೇಕಂತಲೇ ಮಾಡಿದನೋ ಏನೋ, ಬೆಳಕು ಅನ್ನುವ ಹೆಸರಿನವನ ಕೈಗೆ ಬತ್ತಿ ಕೊಟ್ಟಿದ್ದಾನೆ. ಅದನ್ನು ರಂಗದ ಮೇಲೆ ಕಾಣುವ ಹಾಗೆ ಮಾಡಿ, ಸಾಕು. ಹೆಸರಿನೊಳಗೆ ತುರುಕುವುದು ಬೇಡ.

* * *

ಹಾಗಾದರೆ ಸೀಸರ್ ಯಾಕೆ? ಅದೇ ಬೈಬಲ್ಲಿನಲ್ಲಿ ಆ ಹೆಸರು ಕೈಸರ. ಅಲ್ಲೂ ಕಕಾರವೇ. ಆಳಿಗೆ ಗ್ರೀಕ್ ದಾರಿ, ಒಡೆಯನಿಗೆ ಇಂಗ್ಲಿಷ್ ದಾರಿ ಅನ್ನುವುದು ಯಾವ ನಿಯಮ?

* * *

ಕೈಸರ ಅಂದರೆ ಜನ ಜರ್ಮನಿಯ ಕೈಸರ್ ಅಂದುಕೊಳ್ಳುತ್ತಾರೆ.

* * *

ಅವನ ಬಿರುದೂ ಇದರಿಂದಲೇ ಬಂದದ್ದು. ಗೊತ್ತಿಲ್ಲದಿದ್ದರೆ ಕಲಿಯಲಿ.

* * *

ಲೂಕ್ಯ ಅಂತ ಹಾಕಿ ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್. ಸೀಸರ್ ಪೋಸ್ಟರಿನಲ್ಲಿ ಆಗಲೇ ಅಚ್ಚಾಗಿದೆ, ಅದನ್ನು ಮುಟ್ಟುವುದಿಲ್ಲ. ಕೈಸರನ ಜಗಳಕ್ಕೆ ದಯವಿಟ್ಟು ಬೇರೆ ಎಳೆ ತೆಗೆಯಿರಿ. ಸಿನ್ನ ಅನ್ನುವ ಹೆಸರಿನವರು ಇಬ್ಬರಿದ್ದಾರೆ. ಸಿನ್ನನೋ ಕಿನ್ನನೋ ಅಂತ ನಾಳೆ ಕೇಳುತ್ತೇನೆ.